ಲಾಗ್ ಸೋಸುವಿಕೆ: ಪ್ರೋಗ್ರಾಂನ ಕೊನೆಯ ಚಾಲನೆಯನ್ನು ಬೇರ್ಪಡಿಸುವುದು

ಕಂಪ್ಯೂಟರಿನ ಲಾಗ್‌ನಲ್ಲಿ ಬೆರೆತುಕೊಂಡಿರುವ ಸಾಲುಗಳಲ್ಲಿ, ಒಂದು ಪ್ರೋಗ್ರಾಂ ಕೊನೆಯ ಸಲ ಶುರುವಾದಾಗಿನಿಂದ ಬರೆದವುಗಳನ್ನಷ್ಟೇ ಹೆಕ್ಕಿ ತೋರಿಸುವ ವಿಧಾನ. ಸರ್ವರ್ ನೋಡಿಕೊಳ್ಳುವವರಿಗೆ ಇದು ನಿತ್ಯದ ಅಗತ್ಯ. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ತಿದ್ದಿ, ಸರ್ವಿಸನ್ನು ರೀಸ್ಟಾರ್ಟ್ ಮಾಡಿ, ಲಾಗ್ ತೆರೆದರೆ ನಿನ್ನೆಯ ಎರರ್, ಮೊನ್ನೆಯ ಎರರ್, ಈಗಿನ ಎರರ್ ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ತಿದ್ದುವುದಕ್ಕೆ ಮುಂಚಿನದು ಯಾವುದು, ಆಮೇಲಿನದು ಯಾವುದು ಎಂದು ತಿಳಿಯದೆ, ಆಗಲೇ ಸರಿಹೋದ ತಪ್ಪನ್ನು ಮತ್ತೆ ಹುಡುಕುತ್ತ ಕೂರುವುದು ಈ ಕಸುಬಿನ ಹಳೆಯ ಗೋಳು.

ಬೇಡಿಕೆ ಇಷ್ಟು ಸರಳವಾಗಿದ್ದರೂ ಲಿನಕ್ಸ್ ಲೋಕದಲ್ಲಿ ಅದಕ್ಕೆ ಒಂದೇ ಅಕ್ಷರದ ಆಯ್ಕೆ ಸಿಕ್ಕಿದ್ದು 2024ರ ಡಿಸೆಂಬರ್‌ನಲ್ಲಿ, ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂ-ಡಿ ತಂತ್ರಾಂಶದ 257ನೆಯ ಆವೃತ್ತಿಯ ಜೊತೆ. ಆ ಹೊತ್ತಿಗೆ ಯೂನಿಕ್ಸ್ ಪರಂಪರೆಯ ಲಾಗ್ ವ್ಯವಸ್ಥೆಗೆ ನಲವತ್ತು ವರ್ಷ ಆಗಿತ್ತು. ಇಷ್ಟು ತಡವಾದದ್ದಕ್ಕೆ ಪ್ರೋಗ್ರಾಮರುಗಳ ಸೋಮಾರಿತನ ಕಾರಣವಲ್ಲ. ಯಾವ ಸಾಲು ಯಾವ ಚಾಲನೆಗೆ ಸೇರಿದ್ದು ಎಂಬ ಮಾಹಿತಿಯನ್ನು ಲಾಗ್‌ನಲ್ಲಿ ಬಹುಕಾಲ ಯಾರೂ ಬರೆದೇ ಇರಲಿಲ್ಲ. ಬರೆಯದೆ ಬಿಟ್ಟದ್ದನ್ನು ಆಮೇಲೆ ಎಷ್ಟು ಸೋಸಿದರೂ ಊಹೆ ಸಿಗುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ.

ಸಿಸ್‌ಲಾಗ್‌ನ ಬಳುವಳಿ

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಎರಿಕ್ ಆಲ್ಮನ್ 1980ರ ದಶಕದ ಆರಂಭದಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶ ಬರೆಯುತ್ತಿದ್ದರು. ಅದರ ಸಂದೇಶಗಳನ್ನು ಒಂದೆಡೆ ಕೂಡಿಡಲು ಅವರು ಮಾಡಿಕೊಂಡ ಸಣ್ಣ ಏರ್ಪಾಡೇ ಸಿಸ್‌ಲಾಗ್. ಉಳಿದ ಪ್ರೋಗ್ರಾಂಗಳೂ ಅದನ್ನೇ ಹಿಡಿದವು. ಹೀಗೆ ರೂಢಿಯಲ್ಲಿದ್ದದ್ದನ್ನು ಇಂಟರ್ನೆಟ್ ಮಾನಕ ಸಂಸ್ಥೆ ಆರ್‌ಎಫ್‌ಸಿ 3164 ಎಂದು ದಾಖಲಿಸಿದ್ದು 2001ರಲ್ಲಿ. ವಿಧಿವತ್ತಾದ ಮಾನಕ, ಆರ್‌ಎಫ್‌ಸಿ 5424, ಬಂದದ್ದು 2009ರಲ್ಲಿ.

ಹಳೆಯ ಸಿಸ್‌ಲಾಗ್ ಸಾಲಿನಲ್ಲಿ ತಿಂಗಳು, ದಿನಾಂಕ, ಗಂಟೆ-ನಿಮಿಷ-ಸೆಕೆಂಡು, ಯಂತ್ರದ ಹೆಸರು, ಪ್ರೋಗ್ರಾಂನ ಹೆಸರು, ಚೌಕ ಕಂಸದಲ್ಲಿ ಪ್ರೊಸೆಸ್ ಸಂಖ್ಯೆ, ಕೊನೆಗೆ ಸಂದೇಶ ಇರುತ್ತವೆ. ಇಸವಿ ಇಲ್ಲ, ಕಾಲವಲಯ ಇಲ್ಲ. ಸಂದೇಶದ ತೀವ್ರತೆಗೆ 8 ದರ್ಜೆಗಳೂ ಮೂಲಕ್ಕೆ 24 ವರ್ಗಗಳೂ ಇವೆ. ಅಂಚೆ, ಮುದ್ರಣ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಹೀಗೆ. ಈ ವರ್ಗೀಕರಣ ಮಾಡಿದವರ ಮನಸ್ಸಿನಲ್ಲಿದ್ದದ್ದು ಯಾರು ಹೇಳಿದರು, ಎಷ್ಟು ಗಂಭೀರ ಎಂಬ ಎರಡೇ ಪ್ರಶ್ನೆ. ಅದೇ ಪ್ರೋಗ್ರಾಂ ಎಷ್ಟನೆಯ ಸಲ ಹುಟ್ಟಿ ಬಂದು ಹೇಳುತ್ತಿದೆ ಎಂಬುದು ಅಂದಿನ ಪ್ರಶ್ನೆಯಾಗಿರಲಿಲ್ಲ. ಆಗಿನ ಸರ್ವಿಸ್‌ಗಳು ಯಂತ್ರದ ಜೊತೆ ಎದ್ದು ಯಂತ್ರದ ಜೊತೆ ಮಲಗುತ್ತಿದ್ದವು. ದಿನಕ್ಕೆ ಹತ್ತು ಸಲ ಹೊಸ ಆವೃತ್ತಿ ಹಾಕಿ ಹತ್ತು ಸಲ ರೀಸ್ಟಾರ್ಟ್ ಮಾಡುವ ಪದ್ಧತಿ ಬಂದದ್ದು ಬಹಳ ತಡವಾಗಿ.

ಪ್ರೊಸೆಸ್ ಸಂಖ್ಯೆಯ ಮೇಲಿನ ನಂಬಿಕೆ

ಸಿಸ್‌ಲಾಗ್ ಸಾಲಿನಲ್ಲಿ ಚಾಲನೆಗೆ ತೀರ ಹತ್ತಿರದ ಗುರುತೆಂದರೆ ಪ್ರೊಸೆಸ್ ಸಂಖ್ಯೆ, ಅಂದರೆ ಪಿಐಡಿ. ಸರ್ವಿಸಿನ ಈಗಿನ ಪಿಐಡಿ ತಿಳಿದುಕೊಂಡು, ಪದ ಹುಡುಕುವ ಕಮಾಂಡಾದ ಗ್ರೆಪ್‌ನಿಂದ ಆ ಸಂಖ್ಯೆ ಇರುವ ಸಾಲುಗಳನ್ನಷ್ಟೇ ತೆಗೆದರೆ ಮುಗಿಯಿತು ಎಂದು ಮೇಲುನೋಟಕ್ಕೆ ಅನಿಸುತ್ತದೆ. ಒಂದೇ ಪ್ರೊಸೆಸ್‌ನ ಸಣ್ಣ ಪ್ರೋಗ್ರಾಂಗೆ ಇದು ಸಾಕು. ಆದರೆ ವೆಬ್ ಸರ್ವರ್ ಎಂಜಿನ್ಎಕ್ಸ್, ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಂಥವು ಒಂದು ತಾಯಿ ಪ್ರೊಸೆಸ್ ಇಟ್ಟುಕೊಂಡು ಮಕ್ಕಳ ಕೈಯಲ್ಲಿ ಕೆಲಸ ಮಾಡಿಸುತ್ತವೆ. ಪ್ರತಿ ಮಗುವಿಗೂ ಅದರದೇ ಪಿಐಡಿ. ತಾಯಿಯ ಸಂಖ್ಯೆ ಹಿಡಿದು ಹುಡುಕಿದವರಿಗೆ ನಿಜವಾದ ಎರರ್ ಸಿಗುವುದೇ ಇಲ್ಲ.

ಅದಕ್ಕಿಂತ ಕೆಟ್ಟದ್ದು ಮರುಬಳಕೆ. ದರ್ಶಿನಿ ಹೋಟೆಲಿನ ಟೋಕನ್ ಸಂಖ್ಯೆಯ ಹಾಗೆ ಪಿಐಡಿಯೂ ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ ಬರುತ್ತದೆ. ಲಿನಕ್ಸ್‌ನಲ್ಲಿ ಬಹುಕಾಲ ಈ ಸುತ್ತು 32,768ಕ್ಕೆ ಮುಗಿಯುತ್ತಿತ್ತು. 2019ರ ಸಿಸ್ಟಂ-ಡಿ 243ನೆಯ ಆವೃತ್ತಿ 64 ಬಿಟ್ ಯಂತ್ರಗಳಲ್ಲಿ ಅದನ್ನು 41,94,304ಕ್ಕೆ ಏರಿಸಿತು. ಮರುಬಳಕೆ ಅಪರೂಪವಾಯಿತು, ನಿಂತಿಲ್ಲ. ಯಂತ್ರ ಪ್ರತಿ ಸಲ ಬೂಟ್ ಆದಾಗಲೂ ಎಣಿಕೆ ಒಂದರಿಂದಲೇ ಶುರುವಾಗುವುದರಿಂದ, ಬೂಟ್ ವೇಳೆ ಏಳುವ ಸರ್ವಿಸ್‌ಗಳಿಗೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಸಂಖ್ಯೆಗಳು ಬಂದು ಗೊಂದಲ ಹುಟ್ಟಿಸುತ್ತವೆ. ಪ್ರೋಗ್ರಾಮನ್ನು ಪ್ರತ್ಯೇಕಿಸಿ ಓಡಿಸುವ ಕಂಟೇನರ್ ಒಳಗಂತೂ ಮುಖ್ಯ ಪ್ರೋಗ್ರಾಂನ ಪಿಐಡಿ ಸಾಮಾನ್ಯವಾಗಿ 1 ಆಗಿರುತ್ತದೆ, ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ 1.

ಪೋಸ್ಟ್‌ಗ್ರೆಸ್ ಈ ತೊಡಕನ್ನು ತನ್ನ ಮಟ್ಟಿಗೆ ಚೆನ್ನಾಗಿ ಬಿಡಿಸಿಕೊಂಡಿದೆ. ಅದರ ಲಾಗ್ ಸಾಲಿನ ಮುಂದೆ ಸೆಷನ್ ಗುರುತು ಹಾಕಿಸಿಕೊಳ್ಳಬಹುದು. ಪ್ರೊಸೆಸ್ ಶುರುವಾದ ಹೊತ್ತನ್ನೂ ಪಿಐಡಿಯನ್ನೂ ಹದಿನಾರರ ಪದ್ಧತಿಯ ಅಂಕೆಗಳಲ್ಲಿ ಬರೆದು, ನಡುವೆ ಚುಕ್ಕಿ ಇಟ್ಟು ಜೋಡಿಸಿದ ಗುರುತು ಅದು. ಪಿಐಡಿ ಮರಳಿ ಬಂದರೂ ಹುಟ್ಟಿದ ಹೊತ್ತು ಮರಳಿ ಬರುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ.

ಗಡಿಯಾರ ಹಿಡಿದು ಸೋಸುವುದು

ಹೆಚ್ಚಿನವರು ಇಂದಿಗೂ ಬಳಸುವುದು ಕಾಲದ ಗಡಿಯನ್ನು. ಸರ್ವಿಸ್ ಯಾವಾಗ ಶುರುವಾಯಿತು ಎಂದು ಸಿಸ್ಟಂಸಿಟಿಎಲ್ ಕಮಾಂಡನ್ನು ಕೇಳಿ, ಆ ಹೊತ್ತಿನಿಂದ ಈಚೆಗಿನ ಸಾಲುಗಳನ್ನು ಲಾಗ್ ತೋರಿಸುವ ಕಮಾಂಡಾದ ಜರ್ನಲ್‌ಸಿಟಿಎಲ್‌ನ ಸಿನ್ಸ್ ಆಯ್ಕೆಯಿಂದ ತರಿಸಿಕೊಳ್ಳುವ ಒಂದು ಸಾಲಿನ ಸ್ಕ್ರಿಪ್ಟ್ ಅನೇಕ ಕಚೇರಿಗಳಲ್ಲಿ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಬಹುತೇಕ ಸ್ಕ್ರಿಪ್ಟ್‌ಗಳು ಒಂದೇ ಕಡೆ ಎಡವುತ್ತವೆ. ಅವು ಕೇಳುವುದು ಸರ್ವಿಸ್ ಆಕ್ಟಿವ್ ಸ್ಥಿತಿಗೆ ಬಂದ ಹೊತ್ತನ್ನು. ಆದರೆ ಆಕ್ಟಿವ್ ಆಗುವ ಮುಂಚೆ ಪೂರ್ವಸಿದ್ಧತೆಯ ಹಂತವೊಂದಿದೆ. ಕಾನ್ಫಿಗ್ ಓದುವುದು, ಡೇಟಾಬೇಸಿಗೆ ಕೈಚಾಚುವುದು, ಪೋರ್ಟ್ ಹಿಡಿಯುವುದು ಎಲ್ಲ ಅನೇಕ ಸರ್ವಿಸ್‌ಗಳಲ್ಲಿ ಆಗ ನಡೆಯುತ್ತವೆ. ಅಂಥ ಸರ್ವಿಸ್ ಶುರುವಾಗದೆ ಸತ್ತರೆ ಕಾರಣ ಇರುವುದೇ ಆ ಹಂತದ ಸಾಲುಗಳಲ್ಲಿ, ಸ್ಕ್ರಿಪ್ಟ್ ಕತ್ತರಿಸಿ ಎಸೆಯುವುದೂ ಅವನ್ನೇ. ಇನ್‌ಆಕ್ಟಿವ್ ಸ್ಥಿತಿಯನ್ನು ಬಿಟ್ಟ ಹೊತ್ತನ್ನು ಕೇಳುವುದು ಸರಿಯಾದ ಕ್ರಮ. ಇನ್ನು ಒಮ್ಮೆ ಓಡಿ ಮುಗಿಯುವ ಒನ್‌ಶಾಟ್ ಬಗೆಯ ಕೆಲಸಗಳು, ಉದಾಹರಣೆಗೆ ರಾತ್ರಿಯ ಬ್ಯಾಕಪ್, ಸಾಮಾನ್ಯವಾಗಿ ಆಕ್ಟಿವ್ ಸ್ಥಿತಿಯನ್ನು ಮುಟ್ಟುವುದೇ ಇಲ್ಲ. ಶುರುವಾಗುತ್ತಿರುವ ಸ್ಥಿತಿಯಿಂದ ನೇರ ಮುಗಿದ ಸ್ಥಿತಿಗೆ ಹೋಗುತ್ತವೆ. ಅವುಗಳ ಆಕ್ಟಿವ್ ಹೊತ್ತು ಕೇಳಿದರೆ ಖಾಲಿ ಉತ್ತರ ಬರುತ್ತದೆ. ಆ ಖಾಲಿ ಉತ್ತರವನ್ನು ಮುಂದಿನ ಕಮಾಂಡಿಗೆ ಕೊಟ್ಟ ಸ್ಕ್ರಿಪ್ಟ್ ದಾರಿ ತಪ್ಪದೆ ಇರದು.

ಗಡಿಯಾರವೇ ಸರಿಯಿಲ್ಲದ ಸಂದರ್ಭಗಳೂ ಇವೆ. ರಾಸ್ಪ್‌ಬೆರಿ ಪೈ ಬೋರ್ಡುಗಳಲ್ಲಿ ಐದನೆಯ ಮಾದರಿಗೆ ಮುಂಚಿನವಕ್ಕೆ ಕಾಲ ನೆನಪಿಡುವ ಗಡಿಯಾರ ಚಿಪ್ ಇರಲಿಲ್ಲ. ಅವು ಎದ್ದಾಗ ಹಳೆಯ ಹೊತ್ತು ತೋರಿಸಿ, ಜಾಲದಿಂದ ಸರಿಯಾದ ಕಾಲ ತಿಳಿದ ಮೇಲೆ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತವೆ. ಆ ಜಿಗಿತಕ್ಕೆ ಮುಂಚೆ ಶುರುವಾದ ಸರ್ವಿಸಿನ ಮೊದಲ ಸಾಲುಗಳು ಹಿಂದಿನ ಚಾಲನೆಯ ಸಾಲುಗಳ ನಡುವೆ ಹೋಗಿ ಕೂರಬಹುದು.

ಭಾರತದಲ್ಲಿ ಕೂತು ಕೆಲಸ ಮಾಡುವವರಿಗೆ ಇನ್ನೊಂದು ಎಡವಟ್ಟು. ಬೆಂಗಳೂರಿನ ಎಂಜಿನಿಯರ್ ನೋಡಿಕೊಳ್ಳುವ ಕ್ಲೌಡ್ ಸರ್ವರುಗಳ ಗಡಿಯಾರವನ್ನು ಬಹುಮಟ್ಟಿಗೆ ಜಾಗತಿಕ ಪ್ರಮಾಣ ಕಾಲವಾದ ಯುಟಿಸಿಗೆ ಇಟ್ಟಿರುತ್ತಾರೆ. ನಮ್ಮ ಮಧ್ಯರಾತ್ರಿ 12 ಗಂಟೆ 5 ನಿಮಿಷ ಅಲ್ಲಿ ಹಿಂದಿನ ದಿನದ ಸಂಜೆ 6 ಗಂಟೆ 35 ನಿಮಿಷ. ಇಲ್ಲಿಯ ಮಧ್ಯರಾತ್ರಿ ದಾಟಿದ ಮೇಲೆ ಓಡಿದ ಬ್ಯಾಚ್ ಕೆಲಸದ ಲಾಗನ್ನು ಇಂದಿನ ದಿನಾಂಕ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ, ಕೆಲಸವೇ ಓಡಿಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ. ಐದೂವರೆ ಗಂಟೆಯ ಅಂತರದಲ್ಲಿ ಆ ಅರ್ಧ ಗಂಟೆಯೇ ಲೆಕ್ಕ ತಪ್ಪಿಸುವುದು. ಸಿಸ್ಟಂ-ಡಿಯ ಲಾಗ್ ವ್ಯವಸ್ಥೆಯಾದ ಜರ್ನಲ್ ತನ್ನೊಳಗೆ ಕಾಲವನ್ನು ಯುಟಿಸಿಯಲ್ಲೇ ಇಟ್ಟುಕೊಂಡು, ತೋರಿಸುವಾಗ ಮಾತ್ರ ಸ್ಥಳೀಯ ಕಾಲಕ್ಕೆ ತಿರುಗಿಸುತ್ತದೆ. ಸಾದಾ ಪಠ್ಯದ ಲಾಗ್ ಫೈಲುಗಳಿಗೆ ಆ ಅನುಕೂಲ ಇಲ್ಲ.

ಗುರುತಿನ ಸಾಲು, ಪ್ರತ್ಯೇಕ ಫೈಲು

ಕಾಲವನ್ನೂ ಪಿಐಡಿಯನ್ನೂ ನಂಬದವರು ಪ್ರೋಗ್ರಾಂ ತಾನೇ ಬರೆಯುವ ಆರಂಭದ ಸಾಲನ್ನು ಹಿಡಿಯುತ್ತಾರೆ. ಟ್ಯಾಕ್ ಕಮಾಂಡ್ ಫೈಲನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತದೆ. ಸರ್ವಿಸ್ ಶುರುವಾಯಿತು ಎಂಬ ಸಾಲು ಕಂಡ ಕೂಡಲೇ ಸೆಡ್ ಕಮಾಂಡ್ ಓದು ನಿಲ್ಲಿಸುತ್ತದೆ. ಇನ್ನೊಮ್ಮೆ ಟ್ಯಾಕ್ ಹಾಕಿದರೆ ಸಾಲುಗಳು ನೇರಾಗುತ್ತವೆ. ಮೂರು ಕಮಾಂಡುಗಳನ್ನು ಪೈಪಿನಿಂದ ಜೋಡಿಸಿದ ಈ ಉಪಾಯ ಯೂನಿಕ್ಸ್ ಜಾಣ್ಮೆಗೆ ಒಳ್ಳೆಯ ಮಾದರಿ. ಆರಂಭದ ಸಾಲಿನ ಪದಗಳು ಮುಂದಿನ ಆವೃತ್ತಿಯಲ್ಲಿ ಬದಲಾಗದೆ ಇರುವವರೆಗೆ ಅದು ಕೆಲಸ ಮಾಡುತ್ತದೆ. ಲಾಗ್ ಫೈಲು ಮಧ್ಯರಾತ್ರಿ ರೊಟೇಟ್ ಆಗಿ, ಅಂದರೆ ಹಳೆಯದನ್ನು ಎತ್ತಿಟ್ಟು ಹೊಸದು ತೆರೆದುಕೊಂಡು, ಆರಂಭದ ಸಾಲು ಹಳೆಯ ಫೈಲಿನಲ್ಲೇ ಉಳಿದುಬಿಟ್ಟರೆ ಉಪಾಯ ಕೈಕೊಡುತ್ತದೆ.

ಇದಕ್ಕಿಂತ ನೇರವಾದದ್ದು ಪ್ರತಿ ಚಾಲನೆಗೂ ಬೇರೆ ಫೈಲು. ಲಿನಕ್ಸ್ ಡೆಸ್ಕ್‌ಟಾಪ್‌ನ ಚಿತ್ರವ್ಯವಸ್ಥೆಯಾದ ಎಕ್ಸ್‌ಆರ್ಗ್ ಪ್ರತಿ ಸಲ ಶುರುವಾದಾಗ ಹಿಂದಿನ ಲಾಗ್ ಫೈಲಿನ ಹೆಸರಿಗೆ ಓಲ್ಡ್ ಎಂದು ಸೇರಿಸಿ, ತನಗೆ ಹೊಸದನ್ನು ತೆರೆದುಕೊಳ್ಳುತ್ತದೆ. ಈಗಿನದೊಂದು, ಹಿಂದಿನದೊಂದು, ಅದಕ್ಕೂ ಹಿಂದಿನದು ಇಲ್ಲ. ಗೂಗಲ್‌ನ ಜಿಲಾಗ್ ಗ್ರಂಥಾಲಯ ಫೈಲಿನ ಹೆಸರಿನಲ್ಲೇ ಪ್ರೋಗ್ರಾಂ, ಯಂತ್ರ, ಬಳಕೆದಾರ, ಆರಂಭದ ಹೊತ್ತು, ಪಿಐಡಿ ಎಲ್ಲವನ್ನೂ ಪೋಣಿಸಿ, ಕೊನೆಯ ಚಾಲನೆಯ ಫೈಲಿಗೆ ಸದಾ ಒಂದೇ ಚಿಕ್ಕ ಹೆಸರಿನ ಕೊಂಡಿ ಇಡುತ್ತದೆ. ಮೈನ್‌ಕ್ರಾಫ್ಟ್ ಆಡುವ ಮಕ್ಕಳಿಗೂ ಈ ಪದ್ಧತಿ ಗೊತ್ತು. ಆ ಆಟದ ಲಾಗ್ಸ್ ಫೋಲ್ಡರಿನಲ್ಲಿ ಲೇಟೆಸ್ಟ್ ಎಂಬ ಹೆಸರಿನ ಫೈಲು ಈಗಿನದು, ಹಳೆಯವು ದಿನಾಂಕ ಹೊತ್ತು ಮುದುಡಿಕೊಂಡ ಜಿಜಿಪ್ ಫೈಲುಗಳು. ಸರ್ವರ್ ಜಗತ್ತು ಒದ್ದಾಡುತ್ತಿದ್ದ ಪ್ರಶ್ನೆಯನ್ನು ಆಟವೊಂದು ಇಷ್ಟು ಸಲೀಸಾಗಿ ಬಗೆಹರಿಸಿದ್ದು ತಮಾಷೆಯಾಗಿದೆ. ಆಟಕ್ಕೆ ತನ್ನೊಂದರ ಲಾಗ್ ನೋಡಿಕೊಂಡರೆ ಸಾಕು, ಸರ್ವರಿಗೆ ನೂರು ಸರ್ವಿಸ್‌ಗಳ ಲಾಗನ್ನು ಕಾಲಕ್ರಮದಲ್ಲಿ ಒಟ್ಟಿಗೆ ಓದಬೇಕಾದ ಸಂದರ್ಭವೂ ಬರುತ್ತದೆ ಎಂಬ ವ್ಯತ್ಯಾಸ ಇದ್ದೇ ಇದೆ.

2005ರಲ್ಲಿ ಬಂದ ಸನ್ ಕಂಪನಿಯ ಸೋಲಾರಿಸ್ 10 ನಡುದಾರಿ ಹಿಡಿಯಿತು. ಅದರ ಸರ್ವಿಸ್ ನಿರ್ವಹಣಾ ವ್ಯವಸ್ಥೆ ಪ್ರತಿ ಸರ್ವಿಸಿಗೂ ಪ್ರತ್ಯೇಕ ಲಾಗ್ ಫೈಲು ಕೊಟ್ಟಿತು. ಸರ್ವಿಸ್‌ಗಳು ಬೇರೆ ಬೇರೆಯಾದವು, ಚಾಲನೆಗಳು ಒಂದೇ ಫೈಲಿನಲ್ಲಿ ಸಾಲಾಗಿ ಉಳಿದವು.

ಜರ್ನಲ್ ತಂದ ಬದಲಾವಣೆ

ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಂ-ಡಿ ಯೋಜನೆಯನ್ನು 2010ರಲ್ಲಿ ಹೊರತಂದರು. ಯಂತ್ರ ಎದ್ದಾಗ ಮೊದಲು ಹುಟ್ಟುವ, ಪಿಐಡಿ 1 ಇರುವ ಪ್ರೊಸೆಸ್ಸೇ ಎಲ್ಲ ಸರ್ವಿಸ್‌ಗಳನ್ನೂ ಹುಟ್ಟಿಸಿ, ಕಾಯ್ದು, ಸತ್ತರೆ ಎಬ್ಬಿಸುವ ಹೊಣೆ ಹೊರಬೇಕು ಎಂಬುದು ಅದರ ವಿಚಾರ. ಮರುವರ್ಷದ ನವೆಂಬರ್‌ನಲ್ಲಿ ಅದರದೇ ಲಾಗ್ ವ್ಯವಸ್ಥೆ ಜರ್ನಲ್ ಪ್ರಕಟವಾಯಿತು. 2014ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರ ಡೆಬಿಯನ್ 8 ಮತ್ತು ಉಬುಂಟು 15.04 ಇದನ್ನು ಒಪ್ಪಿಕೊಂಡ ಮೇಲೆ ಬಹುತೇಕ ಲಿನಕ್ಸ್ ಸರ್ವರುಗಳಲ್ಲಿ ಇದು ನೆಲೆಯೂರಿತು. ಸಾದಾ ಪಠ್ಯ ಬಿಟ್ಟು ಬೈನರಿ ರೂಪದಲ್ಲಿ ಲಾಗ್ ಇಟ್ಟದ್ದಕ್ಕೆ ಎದ್ದ ಜಗಳ ಇನ್ನೂ ಪೂರ್ತಿ ಆರಿಲ್ಲ. ಬೇರೆ ಸಾಧನಗಳಿಂದ ಓದಲಾಗದು, ಫೈಲು ಕೆಟ್ಟರೆ ಕಷ್ಟ ಎಂಬ ದೂರುಗಳಲ್ಲಿ ಹುರುಳಿದೆ. ಆದರೆ ಚಾಲನೆವಾರು ಸೋಸುವ ಮಟ್ಟಿಗೆ ಗೆಲುವು ಜರ್ನಲ್‌ನದೇ.

ಅದಕ್ಕೆ ಕಾರಣ ಫೀಲ್ಡುಗಳು. ಜರ್ನಲ್‌ನ ಪ್ರತಿ ನಮೂದೂ ಹೆಸರು-ಬೆಲೆ ಜೋಡಿಗಳ ಒಂದು ಗುಂಪು. ಸಂದೇಶದ ಪಠ್ಯ ಅವುಗಳಲ್ಲಿ ಒಂದು ಮಾತ್ರ. ಹೆಸರು ಅಡಿಗೆರೆಯಿಂದ ಆರಂಭವಾಗುವ ಫೀಲ್ಡುಗಳನ್ನು ಪ್ರೋಗ್ರಾಂ ಬರೆಯುವಂತಿಲ್ಲ. ಸಂದೇಶ ಬಂದ ಕ್ಷಣ ಕಳಿಸಿದವರು ಯಾರೆಂದು ಕರ್ನಲ್‌ನಿಂದ ತಿಳಿದು ಜರ್ನಲ್ ತಾನೇ ತುಂಬುತ್ತದೆ. ಪಿಐಡಿ, ಬಳಕೆದಾರನ ಸಂಖ್ಯೆ, ಬೂಟ್ ಐಡಿ, ಯೂನಿಟ್ ಹೆಸರು (ಸರ್ವಿಸಿನಂಥದ್ದನ್ನು ಸಿಸ್ಟಂ-ಡಿ ಯೂನಿಟ್ ಎನ್ನುತ್ತದೆ) ಎಲ್ಲ ಹೀಗೆ ಬರುತ್ತವೆ. ಪ್ರೋಗ್ರಾಂ ತನ್ನ ಹೆಸರನ್ನು ಸುಳ್ಳು ಹೇಳಿದರೂ ಈ ಫೀಲ್ಡುಗಳು ಸುಳ್ಳಾಗುವುದಿಲ್ಲ. ಯೂನಿಟ್ ಹೆಸರನ್ನು ತಿಳಿಯಲು ಜರ್ನಲ್ ನೋಡುವುದು ಕರ್ನಲ್‌ನ ಸಿಗ್ರೂಪ್ ಗುಂಪನ್ನಾದ್ದರಿಂದ, ತಾಯಿ ಪ್ರೊಸೆಸ್ ಬರೆದದ್ದೂ ಮಕ್ಕಳು ಬರೆದದ್ದೂ ಒಂದೇ ಯೂನಿಟ್ಟಿನ ಲೆಕ್ಕಕ್ಕೆ ಬೀಳುತ್ತವೆ.

ಚಾಲನೆಯ ಪ್ರಶ್ನೆಗೆ ಮೊದಲ ಅರ್ಧ ಉತ್ತರ ಬೂಟ್ ಐಡಿಯಿಂದ ಬಂತು. ಕರ್ನಲ್ ಪ್ರತಿ ಬೂಟಿಗೂ ಯಾದೃಚ್ಛಿಕವಾದ 128 ಬಿಟ್ ಸಂಖ್ಯೆಯೊಂದನ್ನು ಹುಟ್ಟಿಸುತ್ತದೆ. ಜರ್ನಲ್‌ಸಿಟಿಎಲ್‌ಗೆ ಬಿ ಆಯ್ಕೆ ಕೊಟ್ಟರೆ ಈ ಬೂಟಿನ ಸಾಲುಗಳು, ಬಿ ಜೊತೆ ಮೈನಸ್ ಒಂದು ಕೊಟ್ಟರೆ ಹಿಂದಿನ ಬೂಟಿನವು. ಯಂತ್ರವೇ ನಿಂತು ಎದ್ದ ಸಂದರ್ಭದಲ್ಲಿ ಇದಕ್ಕಿಂತ ಒಳ್ಳೆಯ ಸಾಧನ ಬೇಡ. ಆದರೆ ಯಂತ್ರ ನಿಲ್ಲದೆ ಸರ್ವಿಸ್ ಮಾತ್ರ ಇಪ್ಪತ್ತು ಸಲ ರೀಸ್ಟಾರ್ಟ್ ಆದರೆ ಇಪ್ಪತ್ತೂ ಚಾಲನೆಗಳು ಒಂದೇ ಬೂಟಿನೊಳಗೆ ಕಲಸಿಹೋಗುತ್ತವೆ.

ಇನ್ವೊಕೇಶನ್ ಐಡಿ

2016ರ ನವೆಂಬರ್‌ನ 232ನೆಯ ಆವೃತ್ತಿ ಉಳಿದ ಅರ್ಧವನ್ನು ತುಂಬಿತು. ಯೂನಿಟ್ ಇನ್‌ಆಕ್ಟಿವ್ ಸ್ಥಿತಿಯಿಂದ ಎದ್ದ ಪ್ರತಿ ಸಲವೂ ಪಿಐಡಿ 1 ಅದಕ್ಕೊಂದು ಹೊಸ 128 ಬಿಟ್ ಯಾದೃಚ್ಛಿಕ ಸಂಖ್ಯೆ ಕೊಡುತ್ತದೆ. ಹದಿನಾರರ ಪದ್ಧತಿಯಲ್ಲಿ ಬರೆದರೆ 32 ಅಂಕೆ. ಇದೇ ಇನ್ವೊಕೇಶನ್ ಐಡಿ. ರೀಲೋಡ್ ಮಾಡಿದರೆ ಬದಲಾಗದು, ಏಕೆಂದರೆ ಪ್ರೋಗ್ರಾಂ ನಿಂತಿಲ್ಲ. ರೀಸ್ಟಾರ್ಟ್ ಮಾಡಿದರೆ ಬದಲಾಗುತ್ತದೆ. ಸತ್ತ ಸರ್ವಿಸನ್ನು ಸಿಸ್ಟಂ-ಡಿ ತಾನಾಗಿ ಎಬ್ಬಿಸಿದರೂ ಬದಲಾಗುತ್ತದೆ. ಮೇಲೆ ಹೇಳಿದ ಎಲ್ಲ ಉಪಾಯಗಳಿಂದ ಇದನ್ನು ಬೇರೆ ಮಾಡುವುದು ಇಷ್ಟೇ: ಚಾಲನೆಗೆ ಹೆಸರಿಡುವುದು ಅದನ್ನು ಹುಟ್ಟಿಸಿದವರು, ಹುಟ್ಟಿದ ಕ್ಷಣದಲ್ಲಿ. ಲಾಗ್ ಓದುವವರು ಆಮೇಲೆ ಗಡಿ ಊಹಿಸಬೇಕಾಗಿಲ್ಲ.

ಈ ಸಂಖ್ಯೆ ಎರಡು ದಾರಿಯಲ್ಲಿ ಹರಿಯುತ್ತದೆ. ಒಂದು, ಜರ್ನಲ್ ಪ್ರತಿ ಸಾಲಿಗೂ ಅಡಿಗೆರೆಯ ಫೀಲ್ಡಾಗಿ ಅದನ್ನು ಅಂಟಿಸುತ್ತದೆ. ಇನ್ನೊಂದು, ಸರ್ವಿಸಿನ ಪರಿಸರ ಚರಗಳಲ್ಲಿ ಒಂದಾಗಿ ಪ್ರೋಗ್ರಾಂನ ಕೈಗೂ ಸಿಗುತ್ತದೆ. ಪ್ರೋಗ್ರಾಂ ಬೇಕಾದರೆ ತನ್ನ ಸ್ವಂತ ಫೈಲಿನಲ್ಲೂ ದೂರದ ಮಾನಿಟರಿಂಗ್ ವ್ಯವಸ್ಥೆಗೆ ಕಳಿಸುವ ಅಂಕಿಅಂಶದಲ್ಲೂ ಅದನ್ನು ಸೇರಿಸಬಹುದು. ಕೆಲವು ಪ್ರೋಗ್ರಾಮರುಗಳು ಈ ಚರ ಇದ್ದರೆ ತಾವು ಸರ್ವಿಸ್ ಆಗಿ ಓಡುತ್ತಿದ್ದೇವೆ, ಇಲ್ಲದಿದ್ದರೆ ಟರ್ಮಿನಲ್‌ನಲ್ಲಿ ಎಂದು ತೀರ್ಮಾನಿಸುವ ಕೋಡ್ ಬರೆಯುತ್ತಾರೆ. ಅದು ಅಪಾಯದ ರೂಢಿ. ಡೆಸ್ಕ್‌ಟಾಪ್‌ನಲ್ಲಿ ಟರ್ಮಿನಲ್ ಕಿಟಕಿಯೇ ಒಂದು ಸರ್ವಿಸಿನ ಮಗುವಾಗಿದ್ದರೆ ಆ ಚರ ಅಲ್ಲಿಗೂ ವಂಶಪಾರಂಪರ್ಯವಾಗಿ ಬಂದಿರುತ್ತದೆ.

ಎಂಟು ವರ್ಷಗಳ ಕಾಲ ಇದನ್ನು ಬಳಸುವ ಕ್ರಮ ಎರಡು ಹೆಜ್ಜೆಯದಾಗಿತ್ತು. ಸಿಸ್ಟಂಸಿಟಿಎಲ್‌ನ ಶೋ ಉಪಕಮಾಂಡಿಗೆ ಇನ್ವೊಕೇಶನ್ ಐಡಿ ಎಂಬ ಗುಣವನ್ನಷ್ಟೇ ಕೇಳಿ, ವ್ಯಾಲ್ಯೂ ಆಯ್ಕೆಯಿಂದ ಬರೀ ಸಂಖ್ಯೆ ಪಡೆಯುವುದು. ಬಳಿಕ ಆ ಸಂಖ್ಯೆಯನ್ನು ಜರ್ನಲ್‌ಸಿಟಿಎಲ್‌ಗೆ ಫೀಲ್ಡಿನ ಹೆಸರಿನೊಡನೆ ಕೊಡುವುದು. ಇಲ್ಲೊಂದು ಗುಂಡಿ ಇದೆ. ಹೀಗೆ ಸೋಸಿದರೆ ಸಿಗುವುದು ಸರ್ವಿಸ್ ತಾನೇ ಬರೆದ ಸಾಲುಗಳು ಮಾತ್ರ. ಸರ್ವಿಸ್ ಶುರುವಾಯಿತು, ಮುಖ್ಯ ಪ್ರೊಸೆಸ್ ಇಂಥ ಸಂಕೇತದೊಡನೆ ಸತ್ತಿತು ಎಂಬ ಸಾಲುಗಳನ್ನು ಬರೆಯುವುದು ಪಿಐಡಿ 1. ಅಡಿಗೆರೆಯ ಫೀಲ್ಡು ಬರೆದವರ ಗುರುತನ್ನು ಹೇಳುತ್ತದೆಯೇ ಹೊರತು ಸಾಲು ಯಾರ ವಿಷಯಕ್ಕೆ ಸಂಬಂಧಿಸಿದ್ದು ಎಂದು ಹೇಳುವುದಿಲ್ಲ. ವಿಷಯದ ಗುರುತಿಗಾಗಿ ಪಿಐಡಿ 1 ಅಡಿಗೆರೆ ಇಲ್ಲದ, ಇನ್ವೊಕೇಶನ್ ಐಡಿ ಎಂದೇ ಹೆಸರಿರುವ ಬೇರೆ ಫೀಲ್ಡನ್ನು ಬಳಸುತ್ತದೆ. ಹಾಗಾಗಿ ಎರಡೂ ಫೀಲ್ಡುಗಳನ್ನು ಕೊಟ್ಟು, ನಡುವೆ ಅಥವಾ ಎಂಬರ್ಥದ ಕೂಡು ಚಿಹ್ನೆ ಹಾಕಬೇಕು. ಚಿಹ್ನೆ ಮರೆತರೆ ಜರ್ನಲ್ ಎರಡೂ ಷರತ್ತು ಒಟ್ಟಿಗೆ ಇರುವ ಸಾಲನ್ನು ಹುಡುಕಿ, ಏನೂ ಇಲ್ಲ ಎನ್ನುತ್ತದೆ. ಸದ್ದಿಲ್ಲದೆ ಕುಸಿದ ಪ್ರೋಗ್ರಾಂಗಳ ವಿಷಯದಲ್ಲಿ ಈ ಎರಡನೆಯ ಬಗೆಯ ಸಾಲುಗಳೇ ಮುಖ್ಯ ಸುಳಿವು. ಮೆಮೊರಿ ಸಾಲದೆ ಕರ್ನಲ್ ಕೊಂದ ಪ್ರೊಸೆಸ್ ತನ್ನ ಸಾವಿನ ಬಗ್ಗೆ ಏನನ್ನೂ ಬರೆದಿರುವುದಿಲ್ಲ.

257ನೆಯ ಆವೃತ್ತಿ ಈ ಎರಡು ಹೆಜ್ಜೆಗಳನ್ನು ಒಂದಾಗಿಸಿತು. ಯೂನಿಟ್ಟಿನ ಹೆಸರಿನೊಡನೆ ದೊಡ್ಡಕ್ಷರದ ಐ ಆಯ್ಕೆ ಕೊಟ್ಟರೆ ಕೊನೆಯ ಚಾಲನೆಯ ಸಾಲುಗಳು ಬರುತ್ತವೆ. ಇನ್ವೊಕೇಶನ್ ಎಂಬ ಉದ್ದ ಆಯ್ಕೆಗೆ ಸಂಖ್ಯೆಯನ್ನೂ ಕೊಡಬಹುದು: ಸೊನ್ನೆ ಎಂದರೆ ಕೊನೆಯದು, ಮೈನಸ್ ಒಂದು ಅದರ ಹಿಂದಿನದು, ಒಂದು ಎಂದರೆ ಜರ್ನಲ್‌ನಲ್ಲಿ ಉಳಿದಿರುವ ಅತಿ ಹಳೆಯದು. ಬೂಟ್ ಆಯ್ಕೆಯ ಎಣಿಕೆಯನ್ನೇ ಇಲ್ಲೂ ಅನುಸರಿಸಿದ್ದರಿಂದ ಹೊಸದಾಗಿ ಕಲಿಯಬೇಕಾದದ್ದು ಬಹಳ ಇಲ್ಲ. ಲಿಸ್ಟ್ ಇನ್ವೊಕೇಶನ್ಸ್ ಎಂಬ ಇನ್ನೊಂದು ಆಯ್ಕೆ ಒಂದು ಯೂನಿಟ್ಟಿನ ಎಲ್ಲ ಚಾಲನೆಗಳನ್ನೂ ಅವುಗಳ ಮೊದಲ ಮತ್ತು ಕೊನೆಯ ಸಾಲಿನ ಹೊತ್ತಿನೊಡನೆ ಪಟ್ಟಿ ಮಾಡುತ್ತದೆ. ಸೋಸುವ ಆಯ್ಕೆಗಿಂತ ಈ ಪಟ್ಟಿಯೇ ಹೆಚ್ಚು ಉಪಯೋಗದ್ದು. ಸರ್ವಿಸ್ ಎಷ್ಟು ಸಲ ಸತ್ತಿತು, ಸಾವುಗಳ ನಡುವೆ ಎಷ್ಟೆಷ್ಟು ಅಂತರ ಎಂಬುದು ಒಂದು ಸಾಲನ್ನೂ ಓದುವ ಮುಂಚೆಯೇ ತಿಳಿಯುತ್ತದೆ.

ಯೂನಿಟ್ ಅಲ್ಲದ ಪ್ರೋಗ್ರಾಂಗಳಿಗೆ, ಅಂದರೆ ಟರ್ಮಿನಲ್‌ನಲ್ಲಿ ಕೈಯಿಂದ ಓಡಿಸಿದ ಸ್ಕ್ರಿಪ್ಟಿಗೆ ಅಥವಾ ಕ್ರಾನ್ ಓಡಿಸಿದ ಕೆಲಸಕ್ಕೆ, ಅವುಗಳದೇ ಆದ ಇನ್ವೊಕೇಶನ್ ಐಡಿ ಇರುವುದಿಲ್ಲ. ಸಿಸ್ಟಂಡಿ-ರನ್ ಎಂಬ ಕಮಾಂಡಿನ ಮೂಲಕ ಓಡಿಸಿದರೆ ಯಾವ ಸ್ಕ್ರಿಪ್ಟಾದರೂ ತಾತ್ಕಾಲಿಕ ಯೂನಿಟ್ ಆಗಿ ಐಡಿ ಪಡೆಯುತ್ತದೆ. ಕ್ರಾನ್ ಬಿಟ್ಟು ಸಿಸ್ಟಂ-ಡಿ ಟೈಮರ್‌ಗೆ ಬದಲಾಯಿಸಿಕೊಳ್ಳಲು ಬೇರೆ ಕಾರಣಗಳು ಸಾಲದು ಎನ್ನುವವರಿಗೂ ಇದೊಂದು ಕಾರಣ ಸಾಕಾಗಬೇಕು.

ಯಾವ ಕೊನೆಯದು?

ಕೊನೆಯ ಚಾಲನೆ ಬೇಕು ಎನ್ನುವವರಿಗೆ ನಿಜವಾಗಿ ಬೇಕಾಗಿರುವುದು ಅನೇಕ ಸಲ ಅದಲ್ಲ. ಸತ್ತ ಸರ್ವಿಸನ್ನು ಸಿಸ್ಟಂ-ಡಿ ತಾನಾಗಿ ಎಬ್ಬಿಸುವ ಹಾಗೆ ಹೊಂದಿಸಿದ್ದರೆ, ನೀವು ಲಾಗ್ ನೋಡುವ ಹೊತ್ತಿಗೆ ಓಡುತ್ತಿರುವುದು ಹೊಸ ಚಾಲನೆ. ಅದು ಆರೋಗ್ಯವಾಗಿದೆ. ಸಾವಿನ ಕಾರಣ ಇರುವುದು ಅದರ ಹಿಂದಿನದರಲ್ಲಿ. ಬೇರೆ ಹೊಂದಾಣಿಕೆ ಇಲ್ಲದಿದ್ದರೆ ಸಿಸ್ಟಂ-ಡಿ 100 ಮಿಲಿಸೆಕೆಂಡು ಕಾದು ಮತ್ತೆ ಎಬ್ಬಿಸುತ್ತದೆ, 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿದರೆ ಕೈಚೆಲ್ಲುತ್ತದೆ. ಎಂದರೆ ಒಂದೆರಡು ಸೆಕೆಂಡಿನೊಳಗೆ ಐದು ಚಾಲನೆಗಳು ಮುಗಿದಿರಬಹುದು. ಮೊದಲ ಚಾಲನೆ ಡಿಸ್ಕ್ ತುಂಬಿ ಸತ್ತಿದ್ದರೆ, ಉಳಿದ ನಾಲ್ಕು ಮೊದಲನೆಯದು ಬಿಟ್ಟುಹೋದ ಲಾಕ್ ಫೈಲನ್ನು ಕಂಡು ಸತ್ತಿರಬಹುದು. ಐದನೆಯದನ್ನು ಮಾತ್ರ ಓದಿದವರು ಲಾಕ್ ಫೈಲು ಅಳಿಸುತ್ತ ಕೂರುತ್ತಾರೆ.

ಯಾವ ಕೊನೆಯದು ಎಂದು ಕೇಳುವ ಈ ವಿವೇಕವನ್ನು ಚೆನ್ನಾಗಿ ತೋರಿಸಿರುವುದು ತಂತ್ರಾಂಶ ಕಟ್ಟುವ ಜೆಂಕಿನ್ಸ್ ವ್ಯವಸ್ಥೆ. ಅಲ್ಲಿ ಪ್ರತಿ ಬಿಲ್ಡಿಗೂ ಏರುವ ಕ್ರಮಸಂಖ್ಯೆ ಇದೆ. ಜೊತೆಗೆ ಕೊನೆಯ ಬಿಲ್ಡ್, ಕೊನೆಗೆ ಮುಗಿದ ಬಿಲ್ಡ್, ಕೊನೆಯ ಯಶಸ್ವಿ ಬಿಲ್ಡ್, ಕೊನೆಯ ವಿಫಲ ಬಿಲ್ಡ್ ಎಂದು ಬೇರೆ ಬೇರೆ ಶಾಶ್ವತ ಕೊಂಡಿಗಳಿವೆ. ಜರ್ನಲ್‌ಸಿಟಿಎಲ್‌ನಲ್ಲಿ ಕೊನೆಗೆ ವಿಫಲವಾದ ಚಾಲನೆ ಕೊಡು ಎಂದು ಕೇಳುವ ದಾರಿ ಇಲ್ಲ. ಪಟ್ಟಿ ನೋಡಿ ತಾವೇ ಆರಿಸಬೇಕು.

ಕಂಟೇನರುಗಳನ್ನು ನಿರ್ವಹಿಸುವ ಕುಬರ್‌ನೆಟೀಸ್ ಹಿಂದಿನ ಚಾಲನೆಯನ್ನು ನೋಡುವ ಅಗತ್ಯವನ್ನು ಬೇಗ ಗುರುತಿಸಿತು. ಅದರ ಲಾಗ್ಸ್ ಕಮಾಂಡಿಗೆ ಪ್ರೀವಿಯಸ್ ಎಂಬ ಆಯ್ಕೆ ಇರುವುದು ಈ ಕಾರಣಕ್ಕೇ. ಸತ್ತು ಸತ್ತು ಏಳುತ್ತಿರುವ ಕಂಟೇನರನ್ನು ಅದು 10 ಸೆಕೆಂಡಿನಿಂದ ಶುರುಮಾಡಿ ಪ್ರತಿ ಸಲ ದುಪ್ಪಟ್ಟು ಹೊತ್ತು, 5 ನಿಮಿಷದ ಮಿತಿಯವರೆಗೆ ಕಾದು ಎಬ್ಬಿಸುತ್ತದೆ. ಪ್ರತಿ ರೀಸ್ಟಾರ್ಟಿಗೂ ಹೊಸ ಲಾಗ್ ಫೈಲು ಹುಟ್ಟುತ್ತದೆ, ಸಾಮಾನ್ಯವಾಗಿ ಹಿಂದಿನ ಒಂದು ಮಾತ್ರ ಉಳಿಯುತ್ತದೆ. ಕಂಟೇನರ್ ಓಡಿಸುವ ಇನ್ನೊಂದು ತಂತ್ರಾಂಶ ಡಾಕರ್ ಹಾಗಲ್ಲ. ಒಂದೇ ಕಂಟೇನರನ್ನು ರೀಸ್ಟಾರ್ಟ್ ಮಾಡಿದರೆ ಹಳೆಯ ಸಾಲುಗಳ ಬಾಲಕ್ಕೇ ಹೊಸವು ಸೇರುತ್ತವೆ, ಕಂಟೇನರನ್ನೇ ಅಳಿಸಿದರೆ ಎಲ್ಲವೂ ಹೋಗುತ್ತವೆ. ಶುರುವಾದ ಹೊತ್ತನ್ನು ಇನ್‌ಸ್ಪೆಕ್ಟ್ ಕಮಾಂಡಿನಿಂದ ತಿಳಿದು ಸಿನ್ಸ್ ಆಯ್ಕೆಗೆ ಕೊಡುವುದು ಅಲ್ಲಿ ಉಳಿದಿರುವ ದಾರಿ, ಅಂದರೆ ಮತ್ತೆ ಗಡಿಯಾರವೇ ಗತಿ.

ಉಳಿದ ವ್ಯವಸ್ಥೆಗಳಲ್ಲಿ ಮ್ಯಾಕ್‌ನ ಏಕೀಕೃತ ಲಾಗ್ 2016ರ ಸಿಯೆರಾ ಆವೃತ್ತಿಯಿಂದ ಬಂದದ್ದು, ಬೂಟ್ ಲೆಕ್ಕದಲ್ಲೂ ಷರತ್ತುಗಳ ಲೆಕ್ಕದಲ್ಲೂ ಸೋಸಬಲ್ಲದು. ಆಂಡ್ರಾಯ್ಡ್‌ನ ಲಾಗ್‌ಕ್ಯಾಟ್ ಪಿಐಡಿ ಹಿಡಿದು ಸೋಸುತ್ತದೆ. ಫೋನಿನ ಆ್ಯಪ್ ಬರೆಯುವವರಿಗೆ ಅಷ್ಟು ಬಹುಮಟ್ಟಿಗೆ ಸಾಕು. ವಿಂಡೋಸ್ ಇವೆಂಟ್ ಲಾಗ್‌ನಲ್ಲಿ ಪ್ರೊಸೆಸ್ ಸಂಖ್ಯೆ, ಹೊತ್ತು ಮೊದಲಾದವನ್ನು ಎಕ್ಸ್‌ಪಾತ್ ಷರತ್ತುಗಳಿಂದ ಕೇಳಬಹುದು.

ಸೋಸಿದ ಮೇಲೂ ಉಳಿಯುವ ಅನುಮಾನ

ಇನ್ವೊಕೇಶನ್ ಐಡಿ ಇದ್ದರೂ ಚಾಲನೆಯ ಲಾಗ್ ಪೂರ್ತಿ ಇದೆ ಎಂದು ನಂಬುವಂತಿಲ್ಲ. ಒಂದು ಸರ್ವಿಸ್ 30 ಸೆಕೆಂಡಿನಲ್ಲಿ ಮಿತಿಗಿಂತ ಹೆಚ್ಚು (ಮೂಲ ಮಿತಿ 10,000, ಡಿಸ್ಕಿನಲ್ಲಿ ಖಾಲಿ ಜಾಗ ಇದ್ದಷ್ಟೂ ಅದು ಏರುತ್ತದೆ) ಸಂದೇಶ ಕಳಿಸಿದರೆ ಜರ್ನಲ್ ಮುಂದಿನವನ್ನು ಬಿಸಾಡಿ, ಇಷ್ಟು ಸಂದೇಶ ತಡೆಹಿಡಿಯಲಾಯಿತು ಎಂಬ ಒಂದು ಸಾಲು ಬರೆಯುತ್ತದೆ. ಈ ಮಿತಿಗಳನ್ನು ಬದಲಿಸಬಹುದಾದರೂ ಬಹಳ ಜನ ಮುಟ್ಟಿರುವುದಿಲ್ಲ. ಗದ್ದಲ ಮಾಡುತ್ತ ಸಾಯುವ ಪ್ರೋಗ್ರಾಂನ ಕೊನೆಯ ಮಾತು ಹೀಗೆ ಕಳೆದುಹೋಗುವುದುಂಟು. ಜರ್ನಲ್‌ಗೆ ಜಾಗದ ಮಿತಿಯೂ ಇದೆ. ಬೇರೆ ಹೊಂದಾಣಿಕೆ ಇಲ್ಲದಿದ್ದರೆ ಅದು ಡಿಸ್ಕ್ ವಿಭಾಗದ ಶೇಕಡಾ 10, ಗರಿಷ್ಠ 4 ಜಿಬಿ ತೆಗೆದುಕೊಂಡು, ಅದು ತುಂಬಿದ ಮೇಲೆ ಹಳೆಯವನ್ನು ಅಳಿಸುತ್ತದೆ. ಆರು ತಿಂಗಳು ನಿಲ್ಲದೆ ಓಡುತ್ತಿರುವ ಡೇಟಾಬೇಸಿನ ಕೊನೆಯ ಚಾಲನೆ ಕೇಳಿದರೆ ಶುರುವಿನ ಸಾಲುಗಳು ಆಗಲೇ ಹೋಗಿರುತ್ತವೆ, ಉಳಿದದ್ದು ಓದಿ ಮುಗಿಸಲಾಗದಷ್ಟಿರುತ್ತದೆ. ಅಂಥ ಕಡೆ ಚಾಲನೆಯ ಸೋಸುವಿಕೆಗೆ ಅರ್ಥವಿಲ್ಲ, ಕಾಲದ ಗಡಿಯನ್ನೂ ಸೇರಿಸಿಕೊಳ್ಳಬೇಕು.

ಕ್ಷಣಮಾತ್ರ ಬದುಕುವ ಪ್ರೊಸೆಸ್‌ಗಳ ತೊಂದರೆ ಬೇರೆ. ಸಂದೇಶ ಕೈಗೆ ಬಂದ ಮೇಲೆ ಕಳಿಸಿದವರ ವಿವರವನ್ನು ಜರ್ನಲ್ ಹುಡುಕುತ್ತದೆ. ಅಷ್ಟರಲ್ಲಿ ಪ್ರೊಸೆಸ್ ಸತ್ತಿದ್ದರೆ ಯೂನಿಟ್ ಹೆಸರೂ ಇನ್ವೊಕೇಶನ್ ಐಡಿಯೂ ಇಲ್ಲದ ಅನಾಥ ಸಾಲು ಉಳಿಯುತ್ತದೆ, ಯಾವ ಸೋಸುವಿಕೆಗೂ ಸಿಗುವುದಿಲ್ಲ. ಪ್ರೋಗ್ರಾಂ ತನ್ನ ಸಾಮಾನ್ಯ ಔಟ್‌ಪುಟ್‌ಗೆ ಬರೆಯುತ್ತಿದ್ದರೆ ಈ ಅಪಾಯ ಕಡಿಮೆ. ಆ ಔಟ್‌ಪುಟ್ ಸಾಗುವ ಕೊಳವೆ ಯಾವ ಯೂನಿಟ್ಟಿನದು ಎಂದು ಅದನ್ನು ಜೋಡಿಸುವಾಗಲೇ ಸಿಸ್ಟಂ-ಡಿ ಬರೆದಿಟ್ಟಿರುತ್ತದೆ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಜರ್ನಲ್ ಡಿಸ್ಕಿನಲ್ಲಿ ಉಳಿಯುತ್ತಿದೆಯೇ ಎಂಬುದು. ವಾರ್ ಲಾಗ್ ಡೈರೆಕ್ಟರಿಯೊಳಗೆ ಜರ್ನಲ್ ಎಂಬ ಡೈರೆಕ್ಟರಿ ಇಲ್ಲದ ಯಂತ್ರಗಳಲ್ಲಿ ಆಟೋ ಹೊಂದಾಣಿಕೆ ಎಲ್ಲವನ್ನೂ ಮೆಮೊರಿಯಲ್ಲಷ್ಟೇ ಇಡುತ್ತದೆ. ಯಂತ್ರ ರೀಬೂಟ್ ಆದರೆ ಹಿಂದಿನ ಚಾಲನೆ ಎಂಬುದೇ ಇರುವುದಿಲ್ಲ.

ಒಂದಕ್ಷರದ ಆಯ್ಕೆ ಬೇಕೆನ್ನುವವರು ಮೊದಲು ತಮ್ಮ ಸಿಸ್ಟಂ-ಡಿ ಆವೃತ್ತಿ ನೋಡಿಕೊಳ್ಳಬೇಕು. 2025ರಲ್ಲಿ ಬಂದ ಡೆಬಿಯನ್ 13 ಮತ್ತು ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ 257 ಇದೆ. ಡೆಬಿಯನ್ 12ರಲ್ಲಿರುವುದು 252, ಉಬುಂಟು 24.04ರಲ್ಲಿರುವುದು 255. ಉಬುಂಟುವಿನ ಆ ಆವೃತ್ತಿಗೆ ಸಾಮಾನ್ಯ ಬೆಂಬಲ 2029ರವರೆಗೆ ಇರುವುದರಿಂದ, ಅದನ್ನು ಬಳಸುವ ಸರ್ವರುಗಳಲ್ಲಿ ಐಡಿ ಕೇಳಿ ಫೀಲ್ಡಿಗೆ ಕೊಡುವ ಎರಡು ಹೆಜ್ಜೆಯ ಕ್ರಮವೇ ಇನ್ನೂ ಕೆಲವು ವರ್ಷ ನಡೆಯುತ್ತದೆ.